ಹೆಲ್ತ್ ಕ್ಲಾಸ್ ಮುಗಿಯಿತು, ಮಾತ್ರೆ ಪೌಚ್‌ನಲ್ಲೇ ಉಳಿಯಿತು: ನಿಮ್ಮ ಮಕ್ಕಳ ಶಾಲೆಯಲ್ಲಿ ಹೇಗಿದೆ?

ಪೆರ್ಲದ ಅಮ್ಮ:
ಎಲ್ಲರಿಗೂ ನಮಸ್ಕಾರ. ಕಾಸರಗೋಡು, ಮಂಜೇಶ್ವರ ಕಡೆಯ ಹೆತ್ತವರು, ಮಾಷ್ಟ್ರುಗಳು, ಟೀಚರುಗಳು ದಯವಿಟ್ಟು ಉತ್ತರ ಕೊಡಿ.

ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಮೊನ್ನೆ ಅವಳ ಪೆನ್ಸಿಲ್ ಪೌಚ್ ತೊಳೆಯಲು ತೆಗೆದಾಗ ಒಳಗೆ ನೀಲಿ ಮಾತ್ರೆಗಳು ಸಿಕ್ಕವು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಮಾತ್ರೆ. ಕೆಲವು ಕವರಿನಲ್ಲೇ ಇದ್ದವು. ಬಿಡಿಯಾಗಿದ್ದವು ಬಣ್ಣ ಬಿಟ್ಟು ರಬ್ಬರು, ಸ್ಕೇಲು ಎಲ್ಲ ನೀಲಿ. ಯಾಕೆ ತಿನ್ನಲಿಲ್ಲ ಅಂತ ಕೇಳಿದೆ. ತಿಂದರೆ ವಾಂತಿ ಬಂದ ಹಾಗಾಗುತ್ತದೆ, ಮಲ ಕಪ್ಪಾಗುತ್ತದೆ, ಕಪ್ಪಾದರೆ ಕರುಳು ಸುಟ್ಟಿದೆ ಅಂತ ಅರ್ಥ, ಬಸ್ಸಿನಲ್ಲಿ ಪ್ಲಸ್ ವನ್ (ಹನ್ನೊಂದನೇ ತರಗತಿ) ಅಕ್ಕಂದಿರು ಹೇಳಿದರು ಅಂದಳು.

ಇದೇ ಹುಡುಗಿ ಹಿಮೋಗ್ಲೋಬಿನ್ ಬಗ್ಗೆ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು ತೆಗೆದಿದ್ದಾಳೆ. ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ ಅಂತ ಬಾಯಿಪಾಠ ಹೇಳುತ್ತಾಳೆ. ಆದರೆ ಮಧ್ಯಾಹ್ನ ಸುಸ್ತಾಗಿ ಬೆಂಚಿನ ಮೇಲೆ ತಲೆಯಿಡುವುದಕ್ಕೂ ಆ ಪಾಠಕ್ಕೂ ಸಂಬಂಧ ಇದೆ ಅಂತ ಅವಳಿಗೆ ಹೊಳೆದೇ ಇಲ್ಲ.

ಶಾಲೆಯಲ್ಲಿ ಹೆಲ್ತ್ ಕ್ಲಾಸ್ ಆಗಿದೆಯಂತೆ. ಎಂಟರಿಂದ ಹತ್ತರವರೆಗಿನ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಮಲಯಾಳಂನಲ್ಲಿ ಸ್ಲೈಡ್ ತೋರಿಸಿ, ಒಂದೇ ಮಧ್ಯಾಹ್ನಕ್ಕೆ ಮುಗಿಸಿದರಂತೆ. ಊಟ, ಮುಟ್ಟು, ಡ್ರಗ್ಸ್, ಮನಸ್ಸು, ಎಲ್ಲ ಅದರಲ್ಲೇ. ನಿಮ್ಮ ಮಕ್ಕಳಿಗೂ ಹೀಗೆಯೇ? ಎಲ್ಲಾದರೂ ನಿಜವಾಗಿ ತಲೆಗೆ ಹತ್ತುವ ಹಾಗೆ ಹೇಳಿಕೊಡುತ್ತಾರಾ?

ಸೀತಾಂಗೋಳಿ:
ನಮ್ಮಲ್ಲೂ ಇದೇ ಕಥೆ. ಮಗ ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾನಂತೆ.

ವಿಜ್ಞಾನ ಮಾಷ್ಟ್ರು, ಕುಂಬಳೆ:
ಅಕ್ಕ, ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ಮಲ ಕಪ್ಪಾಗುವುದು ಕಬ್ಬಿಣದಿಂದ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗ ಆ ಬಣ್ಣ ಬರುತ್ತದೆ. ಕರುಳಿಗೆ ಏನೂ ಆಗಿಲ್ಲ. ಆರರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳಿಗೆ, ಹುಡುಗ ಹುಡುಗಿ ಇಬ್ಬರಿಗೂ, ವಾರಕ್ಕೊಂದು ಮಾತ್ರೆ. ಜೊತೆಗೆ ವರ್ಷಕ್ಕೆ ಎರಡು ಸಲ ಹುಳದ ಮಾತ್ರೆ, ಆಲ್ಬೆಂಡಜೋಲ್ 400 ಮಿಲಿಗ್ರಾಂ. ಎರಡೂ ಜೊತೆಗೇ ಇರಬೇಕು. ಹೊಟ್ಟೆಯಲ್ಲಿ ಕೊಕ್ಕೆಹುಳ ಇದ್ದರೆ ಅದು ರಕ್ತ ಹೀರುತ್ತದೆ, ಎಷ್ಟು ಕಬ್ಬಿಣ ಕೊಟ್ಟರೂ ಸಾಲುವುದಿಲ್ಲ.

ವಾಂತಿಯ ಮುಖ್ಯ ಕಾರಣ ನನಗೆ ಗೊತ್ತಿರುವ ಹಾಗೆ ಖಾಲಿ ಹೊಟ್ಟೆ. ನಮ್ಮಲ್ಲಿ ಶಾಲೆಯ ಮಧ್ಯಾಹ್ನದ ಊಟ ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತಕ್ಕೆ ಬಂದ ಕೂಡಲೇ ಅದು ನಿಂತುಹೋಗುತ್ತದೆ. ಹಳ್ಳಿಯ ಮಕ್ಕಳು ಬೆಳಗ್ಗೆ ಏಳೂವರೆಯ ಬಸ್ಸಿಗೆ ಓಡಿಬರುತ್ತಾರೆ. ಅರ್ಧ ದೋಸೆ, ಒಂದು ಲೋಟ ಚಹಾ. ಮೊದಲ ಪೀರಿಯಡ್‌ನಲ್ಲೇ ಮಾತ್ರೆ ಕೊಟ್ಟರೆ ಹೊಟ್ಟೆ ತೊಳೆಸದೆ ಇರುತ್ತದಾ? ಮೇಲಿಂದ ಚಹಾ ಬೇರೆ, ಅದು ಕಬ್ಬಿಣವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ಊಟವಾದ ಮೇಲೆ ಕೊಡಬೇಕು, ಚಹಾ ಕಾಫಿಗೆ ಒಂದು ಗಂಟೆ ಅಂತರ ಇರಬೇಕು. ಬುತ್ತಿಯಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ, ಲಿಂಬೆ ಹಿಂಡಿದ ಚಿತ್ರಾನ್ನ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟನ್ನು ಮಾತ್ರೆ ಹಂಚುವಾಗ ಐದು ನಿಮಿಷ ಹೇಳಿದರೆ ಸಾಕು. ಅದನ್ನೇ ಹೇಳುವುದಿಲ್ಲ. ಹಂಚಿದ ಲೆಕ್ಕ ರಿಜಿಸ್ಟರಿನಲ್ಲಿ ಬರೆದರೆ ಕೆಲಸ ಮುಗಿಯಿತು.

ಮುಳ್ಳೇರಿಯ ಅಣ್ಣ:
ಮಾಷ್ಟ್ರೇ, ವಾರಕ್ಕೊಮ್ಮೆ 100 ಮಿಲಿಗ್ರಾಂ ಕಬ್ಬಿಣ ಜಾಸ್ತಿ ಅಲ್ವಾ? ಅದಕ್ಕೇ ಹೊಟ್ಟೆ ಕೆಡುವುದು.

ವಿಜ್ಞಾನ ಮಾಷ್ಟ್ರು, ಕುಂಬಳೆ:
100 ಇದ್ದದ್ದು ಮೊದಲು. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಯೋಜನೆ ಬಂದ ಮೇಲೆ ಹದಿಹರೆಯದವರಿಗೆ 60 ಮಿಲಿಗ್ರಾಂ ಮಾಡಿದರು, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಸಣ್ಣ ಮಕ್ಕಳದ್ದು ಗುಲಾಬಿ ಬಣ್ಣದ ಮಾತ್ರೆ, ಅದರಲ್ಲಿ 45.

ಇದು ಬೇಡದ ಉಸಾಬರಿ ಅಂದುಕೊಳ್ಳುವವರಿಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲೂ ಶೇಕಡಾ 31. ಕೇರಳದ ಸ್ಥಿತಿ ಉತ್ತಮ ಅನ್ನುತ್ತಾರೆ, ನಿಜ. ಆದರೂ 15ರಿಂದ 49 ವರ್ಷದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಉತ್ತಮ ಅಂದರೆ ಇಷ್ಟು!

ಪ್ಲಸ್ ಟು ಹುಡುಗಿ:
ಅಕ್ಕ, ನಾನು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಮಲಯಾಳಂ ನಮಗೆ ಅರ್ಥವಾಗುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿ ಅಭ್ಯಾಸ ಇದೆ. ಆದರೆ ನಮ್ಮ ಮೈಯ ಬಗ್ಗೆ ಆ ಭಾಷೆಯಲ್ಲಿ ಪ್ರಶ್ನೆ ಕೇಳುವಷ್ಟು ಧೈರ್ಯ ಇಲ್ಲ. ಇನ್ನೂರು ಮಕ್ಕಳ ಎದುರು ಎದ್ದು ನಿಂತು, ತಪ್ಪು ಮಲಯಾಳಂನಲ್ಲಿ, ಮುಟ್ಟಿನ ನೋವಿನ ಬಗ್ಗೆ ಯಾರು ಕೇಳುತ್ತಾರೆ? ಕೊನೆಗೆ ಡೌಟ್ ಇದೆಯಾ ಅಂತ ಕೇಳುತ್ತಾರೆ. ಎಲ್ಲರೂ ಇಲ್ಲ ಅನ್ನುತ್ತೇವೆ. ಮನೆಗೆ ಬಂದು ಫೋನಿನಲ್ಲಿ ಹುಡುಕುತ್ತೇವೆ. ಫೋನಿನಲ್ಲಿ ಸಿಗುವುದರಲ್ಲಿ ಅರ್ಧ ಸುಳ್ಳು.

ಇನ್ನೊಂದು. ಪ್ಯಾಡ್ ಬಗ್ಗೆ ಹೇಳುವ ದಿನ ಹುಡುಗರನ್ನು ಆಟಕ್ಕೆ ಕಳಿಸಿದರು. ಅವರು ಗ್ರೌಂಡಿನಿಂದ ಬಂದು ಇಡೀ ವಾರ ನಮ್ಮನ್ನು ಚುಡಾಯಿಸಿದರು. ಅವರಿಗೆ ಯಾರೂ ಹೇಳದಿದ್ದರೆ ಅವರು ಬೇರೇನು ಮಾಡುತ್ತಾರೆ?

ಸೀತಾಂಗೋಳಿ:
ಸರಿಯಾಗಿ ಹೇಳಿದೆ ತಂಗಿ.

ಉಪ್ಪಳದ ಅಪ್ಪ:
ನನ್ನ ಅಭಿಪ್ರಾಯ ಬೇರೆ. ಮಾತ್ರೆ, ಊಟ, ಕೈ ತೊಳೆಯುವುದು, ಎಲ್ಲ ಹೇಳಲಿ. ಆದರೆ ಮುಟ್ಟು ಗಿಟ್ಟು ಎಲ್ಲ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅದು ಮನೆಯ ವಿಷಯ. ಹನ್ನೆರಡು ವರ್ಷದ ಮಕ್ಕಳಿಗೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ. ನಮ್ಮ ಅಮ್ಮಂದಿರು ಶಾಲೆಯಲ್ಲಿ ಕಲಿತಿದ್ದಾ? ಅವರು ಸಂಸಾರ ಮಾಡಲಿಲ್ವಾ?

ಬಾಯಾರು ಟೀಚರ್:
ಅಣ್ಣ, ಮನೆಯ ವಿಷಯ ಅನ್ನುತ್ತೀರಿ. ಎಷ್ಟು ಮನೆಯಲ್ಲಿ ಹೇಳುತ್ತಾರೆ? ನಾನು ಯುಪಿ (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಆರು, ಏಳನೇ ತರಗತಿಗೆ ಕಲಿಸುತ್ತೇನೆ. ಐದನೇ ತರಗತಿಯಲ್ಲೇ ಮುಟ್ಟಾಗುವ ಮಕ್ಕಳಿದ್ದಾರೆ. ಬೆಳವಣಿಗೆಯ ಪಾಠ ಬರುವುದು ಎಂಟಕ್ಕೆ. ಮಧ್ಯದ ಎರಡು ಮೂರು ವರ್ಷ ಆ ಮಗು ಏನು ಮಾಡಬೇಕು? ಒಬ್ಬಳು ಹುಡುಗಿ ತನಗೆ ದೊಡ್ಡ ಕಾಯಿಲೆ ಬಂದಿದೆ, ಸಾಯುತ್ತೇನೆ ಅಂತ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದನ್ನು ನಾನೇ ಕಂಡಿದ್ದೇನೆ. ಬಾಗಿಲಿನ ಕೆಳಗಿನ ಸಂದಿಯಿಂದ ಪ್ಯಾಡ್ ದೂಡಿ, ಹೇಗೆ ಇಟ್ಟುಕೊಳ್ಳಬೇಕು ಅಂತ ಹೊರಗೆ ನಿಂತು ತುಳುವಿನಲ್ಲಿ ಹೇಳಿಕೊಟ್ಟೆ. ಅವಳ ಅಮ್ಮ ಒಳ್ಳೆಯವರು, ಮಗಳನ್ನು ಪ್ರೀತಿಸುವವರು. ಆದರೆ ಬಾಯಿ ಬಿಟ್ಟು ಹೇಳಿರಲಿಲ್ಲ. ನಾಚಿಕೆ.

ಹೇಳಿದರೆ ಮಕ್ಕಳು ಕೆಡುತ್ತಾರೆ ಅನ್ನುವ ಹೆದರಿಕೆಗೆ ಆಧಾರ ಇಲ್ಲ. ಯುನೆಸ್ಕೋ 2018ರಲ್ಲಿ ಹೊಸದಾಗಿ ತಂದ ಮಾರ್ಗಸೂಚಿಯಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಹೇಳಿದ್ದು ಇದನ್ನೇ. ವಯಸ್ಸಿಗೆ ತಕ್ಕಂತೆ ಹೇಳಿಕೊಟ್ಟರೆ ಮಕ್ಕಳು ದುಡುಕುವುದು ಜಾಸ್ತಿಯಾಗುವುದಿಲ್ಲ.

ಉಪ್ಪಳದ ಅಪ್ಪ:
ಟೀಚರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಹೊರದೇಶದ ಮಾರ್ಗಸೂಚಿ ನಮ್ಮ ಊರಿಗೆ ಯಾಕೆ? ನಮ್ಮ ದೇಶದಲ್ಲೇ ಇದನ್ನು ನಿಲ್ಲಿಸಿದ ರಾಜ್ಯಗಳಿವೆ.

ವಿಜ್ಞಾನ ಮಾಷ್ಟ್ರು, ಕುಂಬಳೆ:
ನಿಲ್ಲಿಸಿದ್ದು ಹೌದು. 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂತು, 2007ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ ಹಲವು ರಾಜ್ಯಗಳು ತಡೆದವು. ನಿಲ್ಲಿಸಿದ್ದರಿಂದ ಮಕ್ಕಳಿಗೆ ಏನು ಒಳ್ಳೆಯದಾಯಿತು ಹೇಳಿ. ಆ ವರ್ಷಗಳಲ್ಲೇ ಕೈಗೆ ಮೊಬೈಲ್ ಬಂತು. ಮಾಷ್ಟ್ರು ಬಾಯಿ ಮುಚ್ಚಿದರು, ಮೊಬೈಲ್ ಬಾಯಿ ತೆರೆಯಿತು.

ಮಕ್ಕಳ ಮೇಲಿನ ದೌರ್ಜನ್ಯದ ಕಥೆಯೂ ಇದರಲ್ಲೇ ಇದೆ. ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ದೌರ್ಜನ್ಯ ತಡೆಯುವ ಪಾಠ ಶಾಲೆಯಲ್ಲಿ ಕಡ್ಡಾಯವಾಗಿ ಇರಬೇಕು ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಮೈಯ ಭಾಗಗಳ ಹೆಸರನ್ನೇ ಹೇಳಲು ಬಾರದ ಮಗು ತನಗಾದ ತೊಂದರೆಯನ್ನು ಹೇಗೆ ಹೇಳೀತು ಅಣ್ಣ?

ಉಪ್ಪಳದ ಅಪ್ಪ:
ಆ ಮಾತು ಒಪ್ಪುತ್ತೇನೆ. ಮಕ್ಕಳ ರಕ್ಷಣೆಯ ಪಾಠ ಬೇಕೇ ಬೇಕು. ಒಟ್ಟಿಗೆ ಕೂರಿಸುವುದರ ಬಗ್ಗೆ ಮಾತ್ರ ನನ್ನ ಆಕ್ಷೇಪ ಹಾಗೆಯೇ ಇದೆ. ಬೇರೆ ಬೇರೆ ಕೂರಿಸಿ ಇಬ್ಬರಿಗೂ ಹೇಳಬಹುದಲ್ಲ.

ಬಾಯಾರು ಟೀಚರ್:
ಹಾಗಾದರೂ ಆಗಲಿ ಅಣ್ಣ. ಮೊದಲ ಕ್ಲಾಸ್ ಬೇರೆ ಬೇರೆ, ಆಮೇಲಿನದ್ದು ಒಟ್ಟಿಗೆ. ಹುಡುಗರನ್ನು ಗ್ರೌಂಡಿಗೆ ಕಳಿಸುವುದು ಮಾತ್ರ ಬೇಡ.

ಮಂಜೇಶ್ವರದ ಸಿಸ್ಟರ್:
ನಾನು ಆರೋಗ್ಯ ಇಲಾಖೆಯಲ್ಲಿ ಜೆಪಿಎಚ್‌ಎನ್, ಅಂದರೆ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್. ನಮ್ಮ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ಒಂದು ಸಬ್ ಸೆಂಟರ್ ಅಂದರೆ ಲೆಕ್ಕದಲ್ಲಿ ಐದು ಸಾವಿರ ಜನ, ನಿಜದಲ್ಲಿ ಅದಕ್ಕಿಂತ ಜಾಸ್ತಿ. ಬಸುರಿಯರು, ಬಾಣಂತಿಯರು, ಚುಚ್ಚುಮದ್ದು, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಮನೆ ಭೇಟಿ. ಅದರ ಮೇಲೆ ಶಾಲೆಗಳು. ಒಂದು ಶಾಲೆಗೆ ಒಂದು ಮಧ್ಯಾಹ್ನ ಸಿಗುವುದೇ ಕಷ್ಟ. ಅದಕ್ಕೇ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸುತ್ತಾರೆ. ಅದು ಸರಿಯಾದ ಕ್ರಮ ಅಂತ ನಾನೂ ಹೇಳುವುದಿಲ್ಲ.

ಭಾಷೆಯದ್ದು ನಿಜವಾದ ತೊಂದರೆ. ತೆಂಕು ಭಾಗದಿಂದ ವರ್ಗವಾಗಿ ಬಂದವರಿಗೆ ಕನ್ನಡ ಬರುವುದಿಲ್ಲ. ಅವರು ಕೆಟ್ಟವರಲ್ಲ, ಕಷ್ಟಪಟ್ಟು ಕಲಿಯುವವರೂ ಇದ್ದಾರೆ. ಆದರೆ ಪೋಸ್ಟರ್, ಸ್ಲೈಡ್, ಪುಸ್ತಕ, ಎಲ್ಲ ಮಲಯಾಳಂನಲ್ಲೇ ಬರುತ್ತದೆ. ನಾನು ಹೋಗುವ ಶಾಲೆಯಲ್ಲಿ ಆ ಸ್ಲೈಡ್‌ಗಳನ್ನು ಕನ್ನಡಕ್ಕೆ ಮಾಡಿಕೊಂಡು ತೋರಿಸುತ್ತೇನೆ. ಪಂಚಾಯತಿಗೆ ಬರೆದು ಕೊಡಿ. ಹೆತ್ತವರು ಬರೆದರೆ ಬೇಗ ಕೇಳುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. 2020ರ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, ವಾರಕ್ಕೆ ಒಂದು ಗಂಟೆ ಅವರೇ ಕಲಿಸಬೇಕು ಅಂತ ಇದೆ. ಹನ್ನೊಂದು ವಿಷಯಗಳು. ನಾವು ಬಂದು ಹೋಗುವವರು. ದಿನಾ ಮಕ್ಕಳ ಮುಖ ನೋಡುವವರು ಶಿಕ್ಷಕರು. ಅವರು ಕಲಿಸಿದರೇ ಉಳಿಯುವುದು.

ಮುಳ್ಳೇರಿಯ ಅಣ್ಣ:
ವಾರಕ್ಕೆ ಒಂದು ಗಂಟೆ! ಆ ಗಂಟೆಯಲ್ಲಿ ಗಣಿತದ ಸ್ಪೆಷಲ್ ಕ್ಲಾಸ್ ನಡೆಯುತ್ತಿರುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಫ್ಲೆಕ್ಸ್ ಹಾಕುವ ಗಡಿಬಿಡಿಯಲ್ಲಿ ಆರೋಗ್ಯ ಯಾರಿಗೆ ಬೇಕು. ಪಿಟಿ ಪೀರಿಯಡ್ಡನ್ನೂ ತಿಂದು ಹಾಕಿದ್ದಾರೆ.

ಜತ್ತದಿಂದ:
ನಾವು ಮಹಾರಾಷ್ಟ್ರದ ಜತ್ತ ತಾಲೂಕಿನವರು, ನಮ್ಮಲ್ಲೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ನಿಮಗೆ ಮಲಯಾಳಂ, ನಮಗೆ ಮರಾಠಿ, ಅಷ್ಟೇ ಫರಕು ನೋಡ್ರಿ. ಗೋಡೆ ಮೇಲಿನ ಆರೋಗ್ಯದ ಬರಹ ಎಲ್ಲಾ ಮರಾಠಿಯೊಳಗೇ. ಆದರೆ ನಮ್ಮ ಊರಿನ ಆಶಾ ತಾಯಿ ಕನ್ನಡದವರು. ಅವರು ಶಾಲೆಗೆ ಬಂದು ಹೇಳಿದ್ದು ಮಕ್ಕಳಿಗೆ ಇವತ್ತಿಗೂ ನೆನಪದೆ. ಆಶಾ ಕಾರ್ಯಕರ್ತೆಯರನ್ನ ಕರೀರಿ, ಅವರಿಗೆ ಊರಿನ ಭಾಷೆ ಬರ್ತದೆ.

ಪೆರ್ಲದ ಅಮ್ಮ:
ಜತ್ತದ ಅಣ್ಣ, ಒಳ್ಳೆಯ ಸಲಹೆ. ನಮ್ಮ ವಾರ್ಡಿನ ಆಶಾ ಅಕ್ಕ ತುಳು, ಕನ್ನಡ, ಮಲಯಾಳಂ ಮೂರೂ ಮಾತಾಡುತ್ತಾರೆ. ಅವರನ್ನು ಶಾಲೆಗೆ ಯಾಕೆ ಕರೆಯಬಾರದು ಅಂತ ಈಗಲೇ ಕೇಳುತ್ತೇನೆ.

ಅಡಿಕೆ ತೋಟ, ಕಾರಡ್ಕ:
ಇಲ್ಲಿ ಎಲ್ಲರೂ ಮಾತ್ರೆ, ಮುಟ್ಟು ಅಂತ ಹೇಳುತ್ತಿದ್ದೀರಿ. ಅವು ಬೇಕು. ಆದರೆ ನಮ್ಮ ಮಕ್ಕಳಿಗೆ ಹಾವು ಕಚ್ಚಿದರೆ ಏನು ಮಾಡಬೇಕು ಅಂತ ಗೊತ್ತಿದೆಯಾ? 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ಒಳಗೇ ಹಾವು ಕಚ್ಚಿ ಐದನೇ ತರಗತಿಯ ಹುಡುಗಿ ತೀರಿಕೊಂಡಳು. ಆಸ್ಪತ್ರೆಗೆ ಒಯ್ಯಲು ತಡವಾಯಿತು ಅಂತ ಅವಳ ಸಹಪಾಠಿಗಳೇ ಎದ್ದು ನಿಂತು ಹೇಳಿದರು. ನೋಡಿ, ಮಕ್ಕಳಿಗೆ ಅರ್ಥವಾಗಿತ್ತು.

ನನ್ನ ಮಗ ಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್‌ನಲ್ಲಿದ್ದಾನೆ. ಅವನಿಗೆ ಕಲಿಸಿದ ರೀತಿ ನನಗೆ ಬಹಳ ಇಷ್ಟವಾಯಿತು. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿದರು. ಕಚ್ಚಿದ ಕಾಲಿಗೆ ಮಡಚಿದ ಉದ್ದ ಕೊಡೆಯನ್ನು ಒತ್ತಿ ಹಿಡಿದು, ಎರಡು ಶಾಲಿನಿಂದ ಮೆಲ್ಲಗೆ ಕಟ್ಟಿದರು. ಬಿಗಿಯಾಗಿ ಕಟ್ಟಿದವನ ಗಂಟು ಬಿಚ್ಚಿಸಿ, ಬೆರಳು ತೂರುವಷ್ಟು ಸಡಿಲ ಮಾಡಿಸಿದರು. ಕೊಡೆ ಕಾಲು ಅಲ್ಲಾಡದಿರಲಿಕ್ಕೆ, ರಕ್ತ ನಿಲ್ಲಿಸಲಿಕ್ಕೆ ಅಲ್ಲ ಅಂತ ಹೇಳಿದರು. ಆಮೇಲೆ ನಾಲ್ಕು ಜನ ಬೆಂಚನ್ನೇ ಎತ್ತಿ ಗೇಟಿನವರೆಗೆ ಹೊತ್ತುಕೊಂಡು ಹೋದರು. ನಡೆಸಬಾರದು, ಓಡಿಸಬಾರದು, ಕೊಯ್ಯಬಾರದು, ಚೀಪಬಾರದು. ಮಗ ಮನೆಗೆ ಬಂದು ಅಜ್ಜನಿಗೂ ತೋಟದ ಕೆಲಸದವರಿಗೂ ಅದನ್ನೇ ಮಾಡಿ ತೋರಿಸಿದ. ಈಗ ನಮ್ಮ ತೋಟದಲ್ಲಿ ಯಾರೂ ಹಗ್ಗ ಬಿಗಿಯುವ ಮಾತೆತ್ತುವುದಿಲ್ಲ.

ಬಾಯಾರು ಟೀಚರ್:
ಇದನ್ನೇ ನಾನು ಹೇಳಬೇಕೆಂದಿದ್ದೆ. ಕೈಯಿಂದ ಮಾಡಿಸಿದ್ದು ಉಳಿಯುತ್ತದೆ. ನಮ್ಮಲ್ಲಿ ಕೈ ತೊಳೆಯುವುದನ್ನು ಹಾಗೆಯೇ ಕಲಿಸಿದೆವು. ಮಕ್ಕಳ ಅಂಗೈಗೆ ಅರಸಿನ ಹಚ್ಚಿ, ತೊಳೆದು ತೋರಿಸಿ ಅಂದೆವು. ಉಗುರಿನ ಸಂದಿ, ಹೆಬ್ಬೆರಳಿನ ಬುಡದಲ್ಲಿ ಅರಸಿನ ಉಳಿದುಬಿಡುತ್ತದೆ. ಎಲ್ಲಿ ಕೊಳೆ ಉಳಿಯುತ್ತದೆ ಅಂತ ಅವರೇ ಕಂಡುಕೊಂಡರು.

ಮುಳ್ಳೇರಿಯ ಅಣ್ಣ:
ಕಾರಡ್ಕದ ಅಣ್ಣ, ಕಟ್ಟುಹಾವು ಕಚ್ಚಿದರೆ ನೋವೇ ಇರುವುದಿಲ್ಲ ಅನ್ನುತ್ತಾರೆ, ಅದೂ ಹೇಳಿಕೊಟ್ಟಿದ್ದಾರಾ?

ಅಡಿಕೆ ತೋಟ, ಕಾರಡ್ಕ:
ಹೌದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಜಾಸ್ತಿ, ಗುರುತು ಕೂಡ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆ. ಹಾವು ಮನೆಗೆ ಬಂದರೆ ಹೊಡೆಯಲು ಹೋಗದೆ ಅರಣ್ಯ ಇಲಾಖೆಯ ಸರ್ಪ ಆಪ್‌ನಲ್ಲಿ ಹಿಡಿಯುವವರನ್ನು ಕರೆಯಬೇಕು ಅಂತಲೂ ಹೇಳಿದ್ದಾರೆ.

ಹೋಟೆಲ್ ಕೆಲಸ, ಕಾಞಂಗಾಡ್:
ಊಟದ ವಿಷಯವೂ ಇರಲಿ. ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮ ತಿಂದು 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು, ತುಂಬ ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ನಮ್ಮ ಜಿಲ್ಲೆಯಲ್ಲೇ ಆದದ್ದು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸನ್ನೇ ಸರ್ಕಾರ ನಿಷೇಧಿಸಿತು. ಈ ಕೆಲಸ ಮಾಡುವವನಾಗಿ ಹೇಳುತ್ತೇನೆ. ಸಂಜೆ ಟ್ಯೂಷನ್ ಬಿಟ್ಟು ಬರುವ ಮಕ್ಕಳು ನೋಡುವುದು ರೇಟು ಮಾತ್ರ. ಮಾಂಸ ಒಳಗಿನವರೆಗೆ ಬೆಂದಿದೆಯಾ, ಮಯೋನೈಸ್ ಫ್ರಿಜ್ಜಿನಿಂದ ತೆಗೆದದ್ದಾ, ಬಿಸಿಲಿಗೆ ಹೊರಗೆ ಇಟ್ಟದ್ದಾ, ಯಾರೂ ಕೇಳುವುದಿಲ್ಲ. ಕೇಳುವುದನ್ನು ಶಾಲೆ ಕಲಿಸಬೇಕು. ಗಿರಾಕಿ ಕೇಳಿದರೆ ಅಂಗಡಿಯವ ಎಚ್ಚರವಾಗಿರುತ್ತಾನೆ.

ಸೀತಾಂಗೋಳಿ:
ಪಾಠದಲ್ಲಿ ವಿಟಮಿನ್ ಎ ಬಿ ಸಿ ಡಿ ಪಟ್ಟಿ ಇದೆ. ಪ್ಯಾಕೆಟಿನ ಹಿಂದೆ ಬರೆದದ್ದನ್ನು ಓದುವುದು ಹೇಗೆ ಅಂತ ಇಲ್ಲ.

ಎಣ್ಮಕಜೆಯವನು:
ನಮ್ಮ ಪಂಚಾಯತಿನ ವಿಷಯ ಹೇಳದೆ ಇರಲಾರೆ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಪಡ್ರೆಯ ತೋಡಿನ ನೀರು ಕುಡಿದವರು ನಾವು. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆದದ್ದು 2011ರಲ್ಲಿ. ಅಷ್ಟರಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳು.

ಈಗ ಹೈಸ್ಕೂಲಿನಲ್ಲಿರುವ ಹುಡುಗರು ಆಮೇಲೆ ಹುಟ್ಟಿದವರು. ಅವರಿಗೆ ಎಂಡೋಸಲ್ಫಾನ್ ಅಂದರೆ ಪೇಪರಿನಲ್ಲಿ ಬರುವ ಪರಿಹಾರದ ಸುದ್ದಿ. ಕೀಟನಾಶಕ ನೀರಿಗೆ ಹೇಗೆ ಸೇರುತ್ತದೆ, ಸಿಂಪಡಿಸುವಾಗ ಮುಖಕ್ಕೆ ಏನು ಕಟ್ಟಬೇಕು, ಖಾಲಿ ಡಬ್ಬ ಏನು ಮಾಡಬೇಕು ಅಂತ ಕೇಳಿ ನೋಡಿ, ಗೊತ್ತಿಲ್ಲ. ಇವತ್ತಿಗೂ ಬೇರೆ ಬೇರೆ ಮದ್ದು ಹೊಡೆಯುತ್ತೇವೆ. ಖಾಲಿ ಡಬ್ಬ ತೊಳೆದು ನೀರು ತುಂಬಿಸುವ ಮನೆಗಳಿವೆ. ಮಕ್ಕಳಿಗೆ ಆರೋಗ್ಯದ ಪಾಠ ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ತಮ್ಮ ಊರಿನಲ್ಲಿ ಆದದ್ದು ಪಾಠವಾಗದಿದ್ದರೆ ಮತ್ತೆ ಯಾವುದು ಪಾಠ?

ವಿಜ್ಞಾನ ಮಾಷ್ಟ್ರು, ಕುಂಬಳೆ:
ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಈ ವರ್ಷ ಒಂಬತ್ತನೇ ತರಗತಿಯವರಿಗೆ ಪ್ರಾಜೆಕ್ಟ್ ಆಗಿ ಕೊಡುತ್ತೇನೆ. ಮನೆಯಲ್ಲಿರುವ ಕೀಟನಾಶಕದ ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಬರೆದುಕೊಂಡು ಬರಲಿ, ಡಬ್ಬ ಮುಟ್ಟದೆ. ಕೆಂಪು ಅಂದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ವಿಷವೇ.

ಮುಳ್ಳೇರಿಯ ಅಣ್ಣ:
ಗುಟ್ಕಾದ ವಿಷಯ ಬಿಟ್ಟುಹೋಯಿತು. ಕೇರಳದಲ್ಲಿ 2012ರಲ್ಲೇ ನಿಷೇಧ. ಆದರೂ ಗಡಿ ದಾಟಿ ಬರುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಸಿಗುತ್ತದೆ. ಶಾಲೆಯ ಸುತ್ತ 100 ಮೀಟರ್ ತಂಬಾಕು ಮಾರಬಾರದು ಅಂತ ಬೋರ್ಡ್ ಇದೆ, ಬೋರ್ಡಿನ ಕೆಳಗೇ ಬೀಡಿ ಮಾರುತ್ತಾರೆ.

ಬಾಯಾರು ಟೀಚರ್:
ಕಾನೂನಿನಲ್ಲಿ ಇರುವುದು 100 ಗಜ ಅಣ್ಣ, 2003ರ ಕಾಯ್ದೆ. ಸುಮಾರು 91 ಮೀಟರ್. 18 ತುಂಬದವರಿಗೆ ಮಾರುವಂತೆಯೂ ಇಲ್ಲ. ನಮ್ಮ ಶಾಲೆಯ ಮಕ್ಕಳು ಟೇಪ್ ಹಿಡಿದು ಗೇಟಿನಿಂದ ಅಳೆದು, ಆ ಗೆರೆಯೊಳಗಿನ ಅಂಗಡಿಗಳಿಗೆ ತಾವೇ ಪತ್ರ ಬರೆದು ಕೊಟ್ಟರು. ಒಂದು ಅಂಗಡಿಯವರು ತೂಗುಹಾಕಿದ್ದ ತಂಬಾಕು ಪ್ಯಾಕೆಟಿನ ಮಾಲೆಯನ್ನು ಆ ದಿನವೇ ಇಳಿಸಿದರು. ತಂಬಾಕಿನಿಂದ ಕ್ಯಾನ್ಸರ್ ಅಂತ ಬರೆಯುವುದಕ್ಕಿಂತ ಅದು ದೊಡ್ಡ ಪಾಠ.

ಕುಂಬಳೆ ಗಲ್ಫ್:
ನಾನು ದುಬೈಯಿಂದ ಬರೆಯುತ್ತಿದ್ದೇನೆ. ಮಗ ಪ್ಲಸ್ ವನ್, ಊರಿನಲ್ಲಿ. ಫೋನಿನಲ್ಲಿ ಮಾತಾಡುವುದೇ ಇಲ್ಲ. ರೂಮಿನಿಂದ ಹೊರಗೆ ಬರುವುದಿಲ್ಲ ಅಂತ ಹೆಂಡತಿ ಹೇಳುತ್ತಾಳೆ. ಜಿಮ್ಮಿಗೆ ಹೋಗಿ ಯಾವುದೋ ಪ್ರೋಟೀನ್ ಪುಡಿ ತಿನ್ನುತ್ತಾನೆ. ಮನಸ್ಸಿನ ಆರೋಗ್ಯದ ಬಗ್ಗೆ ಶಾಲೆಯಲ್ಲಿ ಏನಾದರೂ ಇದೆಯಾ? ಯಾರನ್ನು ಕೇಳಬೇಕು?

ಮಂಜೇಶ್ವರದ ಸಿಸ್ಟರ್:
ಅಣ್ಣ, ಮೊದಲು ಶಾಲೆಯಲ್ಲಿ ಕೌನ್ಸಿಲರ್ ಇದ್ದಾರಾ ಅಂತ ಹೆಂಡತಿಯ ಹತ್ತಿರ ವಿಚಾರಿಸಲು ಹೇಳಿ. ಹಲವು ಶಾಲೆಗಳಲ್ಲಿ ಇದ್ದಾರೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಅಂತ ಸಹಾಯವಾಣಿ, 14416 ನಂಬರ್ ಇದೆ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹುಡುಗನೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಿ ಹೇಗೆ ಮಾತಾಡಿಸಬೇಕು ಅಂತ ಕೇಳಬಹುದು. ಕೇರಳದ ಸಹಾಯವಾಣಿ ದಿಶಾ 1056 ಕೂಡ ಇದೆ. ನಿದ್ದೆ, ಊಟ, ಗೆಳೆಯರು, ಮೂರೂ ಬಿಟ್ಟಿದ್ದರೆ ತಡ ಮಾಡಬೇಡಿ. ಪುಡಿಯ ಡಬ್ಬವನ್ನು ಕುಟುಂಬಾರೋಗ್ಯ ಕೇಂದ್ರಕ್ಕೆ ತಂದು ಡಾಕ್ಟರಿಗೆ ತೋರಿಸಲಿ, ಬೈಯದೆ ನೋಡುತ್ತಾರೆ.

ಪ್ಲಸ್ ಟು ಹುಡುಗಿ:
ಅಂಕಲ್, ನೀವೇ ದಿನಾ ಹತ್ತು ನಿಮಿಷ ಮಾತಾಡಿ. ಮಾರ್ಕು ಕೇಳಬೇಡಿ. ಅವನು ಜಿಮ್ಮಿನಲ್ಲಿ ಏನು ಮಾಡಿದ ಅಂತ ಕೇಳಿ.

ನಮ್ಮ ಸ್ಕೂಲಿನಲ್ಲಿ ಒಂದು ಕೆಲಸ ಚೆನ್ನಾಗಿ ಆಯಿತು, ಅದನ್ನೂ ಹೇಳುತ್ತೇನೆ. ಬಯಾಲಜಿ ಟೀಚರ್ ಹಾರ್ಲಿಕ್ಸ್ ಡಬ್ಬದ ಮುಚ್ಚಳಕ್ಕೆ ಸಂದಿ ಕೊರೆದು ಲೈಬ್ರರಿಯಲ್ಲಿ ಇಟ್ಟರು. ಹೆಸರು ಬರೆಯದೆ ಪ್ರಶ್ನೆ ಹಾಕಬೇಕು, ಯಾವ ಭಾಷೆಯಲ್ಲಾದರೂ. ಮೊದಲು ಖಾಲಿ ಇತ್ತು. ಆಮೇಲೆ ತುಂಬಿತು. ಮುಟ್ಟಾದಾಗ ತಲೆಗೆ ಸ್ನಾನ ಮಾಡಬಾರದಾ, ಎರಡು ತಿಂಗಳು ಬರದಿದ್ದರೆ ಏನರ್ಥ, ಮೊಡವೆಗೆ ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಬಹುದಾ, ಧ್ವನಿ ಒಡೆಯುವುದು ಯಾವಾಗ ನಿಲ್ಲುತ್ತದೆ, ರಾತ್ರಿ ಎದೆ ಡವಡವ ಅನ್ನುವುದು ಹಾರ್ಟ್ ಅಟ್ಯಾಕಾ. ಟೀಚರ್ ಶುಕ್ರವಾರ ಅದನ್ನು ತೆಗೆದು ಓದಿ ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಗೊತ್ತಿಲ್ಲದ್ದನ್ನು ಡಾಕ್ಟರ್ ಹತ್ತಿರ ಕೇಳಿಕೊಂಡು ಮುಂದಿನ ವಾರ ಹೇಳುತ್ತಿದ್ದರು. ನನ್ನ ಆರೋಗ್ಯದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಜಾಸ್ತಿ ಆ ಡಬ್ಬದಿಂದ ಬಂದದ್ದು.

ಪೆರ್ಲದ ಅಮ್ಮ:
ತಂಗಿ, ಎರಡು ತಿಂಗಳು ಬರದಿದ್ದರೆ ಏನು ಅಂತ ಟೀಚರ್ ಏನು ಹೇಳಿದರು? ಮಗಳಿಗೂ ಹಾಗೆಯೇ ಆಗುತ್ತಿದೆ.

ಮಂಜೇಶ್ವರದ ಸಿಸ್ಟರ್:
ನಾನು ಹೇಳುತ್ತೇನೆ ಅಕ್ಕ. ಶುರುವಾದ ಮೊದಲ ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. 21ರಿಂದ 45 ದಿನದ ಅಂತರ ಈ ವಯಸ್ಸಿನಲ್ಲಿ ಸಹಜ. ಮೂರು ತಿಂಗಳು ಬರದೇ ಹೋದರೆ, ವಾರ ಕಳೆದರೂ ನಿಲ್ಲದಿದ್ದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ಒದ್ದೆಯಾದರೆ ಡಾಕ್ಟರಿಗೆ ತೋರಿಸಿ. ಅವಳಿಗೆ ಸುಸ್ತು ಇದೆ ಅಂದಿರಿ. ಹಾಗಾದರೆ ಕಾಯದೆ ರಕ್ತಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ವಾರಕ್ಕೊಂದು ಮಾತ್ರೆ ಸಾಲುವುದಿಲ್ಲ, ಡಾಕ್ಟರ್ ಬೇರೆ ಕ್ರಮ ಹೇಳುತ್ತಾರೆ.

ಪೆರ್ಲದ ಅಮ್ಮ:
ತುಂಬ ಉಪಕಾರ ಸಿಸ್ಟರ್. ಈ ವಾರವೇ ಕರೆದುಕೊಂಡು ಹೋಗುತ್ತೇನೆ.

ಮುಂದಿನ ಪಿಟಿಎ (ಹೆತ್ತವರು, ಶಿಕ್ಷಕರ ಸಂಘ) ಸಭೆಗೆ ಇಷ್ಟು ಬರೆದುಕೊಂಡಿದ್ದೇನೆ. ಮಾತ್ರೆ ಊಟದ ನಂತರವೇ ಕೊಡಬೇಕು, ಟೀಚರ ಎದುರೇ ತಿನ್ನಬೇಕು, ಯಾಕೆ ಅಂತ ಕನ್ನಡದಲ್ಲಿ ಹೇಳಬೇಕು. ಹಾಲ್‌ನಲ್ಲಿ ಒಟ್ಟು ಕೂರಿಸುವುದರ ಬದಲು ತರಗತಿಯಲ್ಲೇ ಕ್ಲಾಸ್. ಹುಡುಗರಿಗೂ. ಪ್ರಶ್ನೆ ಹಾಕುವ ಡಬ್ಬ. ಒಂಬತ್ತು ಹತ್ತನೆಯವರಿಗೆ ಮಧ್ಯಾಹ್ನದ ಊಟಕ್ಕೆ ಪಂಚಾಯತಿನಿಂದ ಏನಾದರೂ ಆಗುತ್ತದಾ ಅಂತಲೂ ಕೇಳುತ್ತೇನೆ. ಇನ್ನೇನಾದರೂ ಸೇರಿಸಬೇಕಾ?

ಉಪ್ಪಳದ ಅಪ್ಪ:
ನಾಯಿ ಕಚ್ಚಿದ್ದರ ಬಗ್ಗೆ ಸೇರಿಸಿ. ನಮ್ಮ ಕಡೆ ಬೀದಿನಾಯಿ ಕಾಟ ವಿಪರೀತ. ಮಕ್ಕಳು ಬೈಗುಳಕ್ಕೆ ಹೆದರಿ ಗೀರಿದ್ದನ್ನು ಮನೆಯಲ್ಲಿ ಹೇಳುವುದೇ ಇಲ್ಲ. ಸಣ್ಣ ಗೀರಿಗೂ ಇಂಜೆಕ್ಷನ್ ಬೇಕಾ ಸಿಸ್ಟರ್?

ಮಂಜೇಶ್ವರದ ಸಿಸ್ಟರ್:
ಬೇಕು ಅಣ್ಣ. ಚರ್ಮ ತರಚಿದ್ದರೆ ಸಾಕು, ರಕ್ತ ಬರಬೇಕೆಂದಿಲ್ಲ. ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ ಏನೂ ಹಚ್ಚಬಾರದು. ಆ ದಿನವೇ ಮೊದಲ ಇಂಜೆಕ್ಷನ್, ಆಮೇಲೆ 3, 7, 28ನೇ ದಿನ. ಆಳವಾದ ಗಾಯಕ್ಕೆ, ರಕ್ತ ಬಂದ ಗೀರಿಗೆ ಗಾಯದ ಸುತ್ತ ಬೇರೆ ಮದ್ದೂ ಇದೆ. ಬೆಕ್ಕಿಗೂ ಇದೇ ಕ್ರಮ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಹೇಳಿದರೆ ಬೈಯುವುದಿಲ್ಲ ಅಂತ ಹೆತ್ತವರು ಮಕ್ಕಳಿಗೆ ಈಗಲೇ ಹೇಳಿಡಿ. ಪಿಟಿಎ ಸಭೆ ಯಾವ ದಿನ ಅಂತ ತಿಳಿಸಿ ಅಕ್ಕ, ಡ್ಯೂಟಿ ಹೊಂದಿಸಿಕೊಂಡು ನಾನೂ ಬರುತ್ತೇನೆ. ಕನ್ನಡದ ಸ್ಲೈಡ್ ನನ್ನ ಹತ್ತಿರ ಇದೆ.